ಮಗಳ ಮೊದಲ ಸೆಮಿಸ್ಟರ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದ ಸುದ್ದಿ ಕೇಳಿ ಮನಸ್ಸು ತುಂಬಿ ಬಂತು. ಹಾಸ್ಟೆಲ್‌ಗೆ ಏನೇನು ಕೊಡಿಸಲಿ ಎಂದು ಕೇಳಿದ್ದೀಯ. ಕೊಡಿಸುವ ಪಟ್ಟಿ ಚಿಕ್ಕದು, ತಿಳಿದಿರಬೇಕಾದ ಸಂಗತಿಗಳೇ ಜಾಸ್ತಿ. ಓದಿ ಅವಳ ಕೈಗೆ ಕೊಡು. ಆದರೆ ನೀನೂ ಪೂರ್ತಿ ಓದು, ಏಕೆಂದರೆ ಇದರಲ್ಲಿ ಕೆಲವು ಕೆಲಸ ಊರಲ್ಲಿದ್ದುಕೊಂಡು ನೀನೇ ಮಾಡಬೇಕಾದವು. ಮೊದಲ ಸೆಮಿಸ್ಟರ್ ಕೈತಪ್ಪುವುದು ಬಹಳ ಸಲ ಮೊದಲ ಆರೇಳು ವಾರಗಳಲ್ಲೇ. ಗೊತ್ತಾಗುವುದು ಮಾತ್ರ ಫಲಿತಾಂಶ ಬಂದಾಗ.

ಮೊದಲು ಕಾಗದಪತ್ರ. ಟಿಸಿ ಒಂದೇ ಪ್ರತಿ ಇರುವುದು, ಅದನ್ನು ಕಾಲೇಜು ಇಟ್ಟುಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನೂ ಕೆಲವು ಕಡೆ ಇಟ್ಟುಕೊಳ್ಳುತ್ತಾರೆ. ಕೊಡುವ ಮುಂಚೆ ಎಲ್ಲದರ ಐದೈದು ಜೆರಾಕ್ಸ್ ಮಾಡಿಸಿ, ಒಳ್ಳೆ ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ಫೋನಿನಲ್ಲೂ ಇ-ಮೇಲ್‌ನಲ್ಲೂ ಇಡಿ. ಯಾವ ಮೂಲ ಪ್ರತಿ ಕೊಟ್ಟಿರೋ ಅದಕ್ಕೆಲ್ಲ ಸ್ವೀಕೃತಿ ಕೇಳಿ ಪಡೆಯಿರಿ. ಫೀ ಕಟ್ಟಿದ ರಸೀದಿಯೂ ಜೋಪಾನ, ಸ್ಕಾಲರ್‌ಶಿಪ್‌ಗೆ ಅದು ಬೇಕಾಗುತ್ತದೆ.

ಸ್ಕಾಲರ್‌ಶಿಪ್ ಅರ್ಜಿ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ, ಅರ್ಜಿಯಲ್ಲಿ ಅದನ್ನೇ ಹಾಕುವುದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಇವತ್ತೇ ನೋಡು. ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಕೊಡು, ಕೊನೆಯ ದಿನಾಂಕ ಹತ್ತಿರ ಬಂದಾಗ ಅಲ್ಲಿ ನೂಕುನುಗ್ಗಲು. ಇನ್ನೊಂದು, ಆಧಾರ್‌ನಲ್ಲಿ ಅವಳ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯೇ? ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಮುಂದೆ ಎಲ್ಲ ಕಡೆ ತೊಡಕು.

ಈ ವಿಷಯದಲ್ಲಿ ಜನ ತಪ್ಪಿ ಬೀಳುವ ಜಾಗ ಬ್ಯಾಂಕ್ ಖಾತೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ, ಲಿಂಕ್ ಆಗಿದೆ ಎಂದುಕೊಳ್ಳುತ್ತಾರೆ. ಅದು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ ಮಾತ್ರ. ಸರ್ಕಾರದ ಹಣ ಬೀಳಬೇಕಾದರೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಆಧಾರ್ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಮತ್ತು ಹಣ ಹೋಗುವುದು ಕೊನೆಯದಾಗಿ ಸೀಡಿಂಗ್ ಮಾಡಿಸಿದ ಖಾತೆಗೆ. ಕಾಲೇಜಿನ ಹತ್ತಿರ ಹೊಸ ಖಾತೆ ತೆರೆದು ಅಲ್ಲೂ ಸೀಡಿಂಗ್ ಮಾಡಿಸಿದರೆ ಊರಿನ ಖಾತೆಗೆ ಬರುವುದು ನಿಲ್ಲುತ್ತದೆ. ಎಲ್ಲಿ ಸೀಡಿಂಗ್ ಆಗಿದೆ ಎಂದು ಆಧಾರ್ ವೆಬ್‌ಸೈಟಿನಲ್ಲಿ ಅವಳ ಮೊಬೈಲ್ ಒಟಿಪಿಯಿಂದ ನೋಡಬಹುದು. ಅರ್ಜಿಗೆ ಬೇಕಾದ ದಾಖಲೆಗಳಿಗೆ ಕಾಲೇಜಿನಲ್ಲಿ ಇ-ಅಟೆಸ್ಟೇಷನ್ (ಆನ್‌ಲೈನ್ ದೃಢೀಕರಣ) ಮಾಡಿಸಬೇಕು. ಅದನ್ನು ಮಾಡುವವರು ಯಾರು ಎಂದು ಮೊದಲ ವಾರವೇ ಆಫೀಸಿನಲ್ಲಿ ಕೇಳಿಟ್ಟುಕೊಳ್ಳಲಿ. ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿಯೇ ಬೇರೆ, ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಹಾಕಬೇಕು. ಆಯ್ಕೆ ಪಟ್ಟಿ ಬರುವವರೆಗೆ ಒಂದೆರಡು ತಿಂಗಳ ಪಿಜಿ ಬಾಡಿಗೆ ಕೈಯಲ್ಲಿ ಇಟ್ಟುಕೋ.

ಇನ್ನು ಅಂಕದ ಲೆಕ್ಕ. ಅವಳ ಕಾಲೇಜು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನದು, ಸ್ವಾಯತ್ತ ಕಾಲೇಜಲ್ಲ ಎಂದೆಯಲ್ಲ, ಹಾಗಾಗಿ ಇದು ವಿಟಿಯು ಲೆಕ್ಕ. ನಾನು ಹೇಳುವುದು 2022ರ ಸ್ಕೀಮಿನದು, ಅಂದರೆ ಆ ವರ್ಷದ ಪಠ್ಯಕ್ರಮದ್ದು. ಅವಳ ಬ್ಯಾಚಿನ ಸ್ಕೀಮ್ ಹೊಸದಾದರೆ ವಿಟಿಯು ವೆಬ್‌ಸೈಟಿನಿಂದ ಸಿಲಬಸ್ ಇಳಿಸಿಕೊಂಡು, ಪ್ರತಿ ವಿಷಯದ ಕೊನೆಯಲ್ಲಿ ಬರುವ ಮೌಲ್ಯಮಾಪನದ ಭಾಗ ಓದಲಿ. ಮಕ್ಕಳು ಮಾಡ್ಯೂಲ್‌ಗಳ (ಪಾಠಭಾಗಗಳ) ಹೆಸರು ನೋಡಿ ಸಿಲಬಸ್ ಮುಚ್ಚಿಬಿಡುತ್ತಾರೆ. ಆ ಒಂದು ಪುಟದಲ್ಲಿ ಎಲ್ಲ ಇರುತ್ತದೆ.

ವಿಷಯಕ್ಕೆ 100 ಅಂಕ. 50 ಕಾಲೇಜಿನ ಒಳಗಿನದು, ಸಿಐಇ. ಇಂಟರ್ನಲ್ಸ್ ಎಂಬ ಕಾಲೇಜಿನ ಕಿರುಪರೀಕ್ಷೆಗಳು, ಅಸೈನ್‌ಮೆಂಟ್, ಲ್ಯಾಬ್ ಎಲ್ಲ ಇದರಲ್ಲಿ ಬರುತ್ತವೆ. ಇನ್ನು 50 ಸೆಮಿಸ್ಟರ್ ಕೊನೆಯ ಪರೀಕ್ಷೆ, ಎಸ್‌ಇಇ. ಮುಖ್ಯ ವಿಷಯಗಳ ಪ್ರಶ್ನೆಪತ್ರಿಕೆ 100 ಅಂಕದ್ದೇ, ಬಂದದ್ದನ್ನು 50ಕ್ಕೆ ಇಳಿಸುತ್ತಾರೆ. ಪಾಸಾಗಲು ಸಿಐಇಯಲ್ಲಿ 50ಕ್ಕೆ ಕನಿಷ್ಠ 20, ಎಸ್‌ಇಇಯಲ್ಲಿ 50ಕ್ಕೆ 18 ಬೇಕು. ಇಲ್ಲಿಗೆ ನಿಲ್ಲಿಸಿದವರು ಎಡವುತ್ತಾರೆ. 20ಕ್ಕೆ 18 ಕೂಡಿಸಿದರೆ 38, ಒಟ್ಟು 40 ಬೇಕೇ ಬೇಕು. ಎರಡೂ ಕಡೆ ಅಂಚಿನಲ್ಲಿ ದಾಟಿದ ಹುಡುಗಿ ಒಟ್ಟಿನಲ್ಲಿ ಫೇಲು. ಸಿಐಇಯಲ್ಲಿ 20 ಮುಟ್ಟದಿದ್ದರೆ ಆ ವಿಷಯದ ಕೊನೆಯ ಪರೀಕ್ಷೆಗೆ ಕೂರುವ ಅರ್ಹತೆಯೇ ಹೋಗುತ್ತದೆ. ಅದೇ ಸಿಐಇಯಲ್ಲಿ 40 ತೆಗೆದವಳು ಕೊನೆಯ ಪರೀಕ್ಷೆಗೆ ಎಷ್ಟು ನಿರಾಳವಾಗಿ ಕೂರಬಹುದು ನೋಡು. ಈ 40 ಸಿಗುವುದು ವಾರವಾರದ ಸಣ್ಣ ಕೆಲಸದಿಂದ. ಅಸೈನ್‌ಮೆಂಟನ್ನು ಹೇಳಿದ ದಿನ ಕೊಡುವುದು, ಲ್ಯಾಬ್ ರೆಕಾರ್ಡ್‌ಗೆ ಆಯಾ ವಾರವೇ ಸಹಿ ಹಾಕಿಸುವುದು, ಇಂಟರ್ನಲ್ಸ್ ತಪ್ಪಿಸದಿರುವುದು, ಇಷ್ಟೇ.

ಹಾಜರಾತಿ ಶೇ 85, ಅದೂ ಪ್ರತಿ ವಿಷಯಕ್ಕೆ ಬೇರೆ ಬೇರೆ. ಒಟ್ಟು ಸರಾಸರಿ ಚೆನ್ನಾಗಿದೆ ಎಂಬ ಮಾತು ನಡೆಯುವುದಿಲ್ಲ. 40 ತರಗತಿ ನಡೆಯುವ ವಿಷಯದಲ್ಲಿ ತಪ್ಪಿಸಬಹುದಾದ್ದು ಆರು. ಹಬ್ಬಕ್ಕೆಂದು ಊರಿಗೆ ಬಂದು ಸೋಮವಾರ ಮಂಗಳವಾರ ಎರಡು ದಿನ ಹೆಚ್ಚು ಉಳಿದರೆ, ಆ ದಿನಗಳಲ್ಲಿರುವ ವಿಷಯಕ್ಕೇ ಪ್ರತಿ ಸಲ ಪೆಟ್ಟು. ನಿಜವಾದ ಕಾಯಿಲೆಗೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ 75ರವರೆಗೆ ವಿನಾಯಿತಿ ಕೇಳಬಹುದು. ವೈದ್ಯರ ಚೀಟಿಯನ್ನು ಕಾಯಿಲೆ ಬಿದ್ದ ವಾರವೇ ಕೊಡಬೇಕು, ಸೆಮಿಸ್ಟರ್ ಕೊನೆಯಲ್ಲಿ ತಂದ ಚೀಟಿಯನ್ನು ಯಾರೂ ನಂಬುವುದಿಲ್ಲ. ದಯವಿಟ್ಟು ಊರಿನ ಜಾತ್ರೆ, ಮದುವೆಗಳಿಗೆ ಅವಳನ್ನು ಕರೆಸುವ ಮುಂಚೆ ಈ ಆರರ ಲೆಕ್ಕ ನೆನಪಿಸಿಕೋ. ನಿನ್ನ ಮೇಲಿನ ಪ್ರೀತಿಗೆ ಅವಳು ಇಲ್ಲ ಅನ್ನುವುದಿಲ್ಲ.

ಲ್ಯಾಬ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಭಾಗ ಮಾಡಿರುತ್ತಾರೆ, ಅರ್ಧ ಸೆಕ್ಷನ್‌ಗಳು ಒಂದನ್ನು ಮೊದಲು ಓದಿದರೆ ಉಳಿದರ್ಧ ಇನ್ನೊಂದನ್ನು. ಕೆಮಿಸ್ಟ್ರಿ ಬಂದರೆ ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಷನ್ ಬಂದೇ ಬರುತ್ತದೆ. ಬ್ಯೂರೆಟ್ಟನ್ನು (ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ) ಇಡಿಟಿಎ ದ್ರಾವಣದಿಂದಲೇ ಒಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಒಳಗೆ ಉಳಿದ ನೀರು ದ್ರಾವಣವನ್ನು ತೆಳುಮಾಡುತ್ತದೆ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬಟ್ಟಿ ಇಳಿಸಿದ ನೀರಿನಿಂದ. ಅದನ್ನೂ ಮಾದರಿ ನೀರಿನಿಂದ ತೊಳೆದರೆ ಪಿಪೆಟ್‌ನಿಂದ ಹಾಕಿದ್ದಕ್ಕಿಂತ ಹೆಚ್ಚು ಮಾದರಿ ಸೇರಿ ರೀಡಿಂಗ್ ಏರುತ್ತದೆ. ಬ್ಯೂರೆಟ್ ತುಂಬಿದ ಮೇಲೆ ಫನೆಲ್ ತೆಗೆದುಬಿಡಬೇಕು. ಬಿಟ್ಟರೆ ಅದರಿಂದ ತೊಟ್ಟಿಕ್ಕುವ ಹನಿಗಳು ಒಳಗೆ ಬಿದ್ದು ರೀಡಿಂಗ್ ನಿಜಕ್ಕಿಂತ ಕಡಿಮೆ ಬರುತ್ತದೆ. ನಲ್ಲಿಯ ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದರೆ ಮೊದಲೇ ಜೋರಾಗಿ ಬಿಟ್ಟು ಹೊರಹಾಕಬೇಕು, ನಡುವೆ ಹೋದರೆ ರೀಡಿಂಗ್ ಹೆಚ್ಚು. ಫ್ಲಾಸ್ಕಿಗೆ ಬಫರ್ ಹಾಕಿ, ಆಮೇಲೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ. ಬಣ್ಣ ವೈನ್ ಕೆಂಪಿನಿಂದ ನೀಲಿಗೆ ತಿರುಗುತ್ತದೆ, ನಡುವೆ ನೇರಳೆ ಕಾಣುತ್ತದೆ. ನೇರಳೆಗೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಆ ಹಂತದಿಂದ ಹನಿಹನಿಯಾಗಿ ಬಿಟ್ಟು, ಪ್ರತಿ ಹನಿಗೂ ಅಲ್ಲಾಡಿಸಿ, ಕೆಂಪಿನ ಛಾಯೆ ಪೂರ್ತಿ ಹೋದಾಗ ನಿಲ್ಲಿಸಬೇಕು. ಕಣ್ಣನ್ನು ದ್ರಾವಣದ ಮಟ್ಟಕ್ಕೆ ತಂದು ಕೆಳಗಿನ ಅಂಚು ನೋಡಿ, 17.2 ಇದ್ದರೆ 17.2 ಎಂದೇ ಬರೆಯಬೇಕು, 17 ಎಂದಲ್ಲ. ಪಕ್ಕದವರ ರೀಡಿಂಗ್ ನಕಲು ಮಾಡಿದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಮೇಲೆ ಹೇಳಿದ ಒಂದೊಂದಕ್ಕೂ ‘ಯಾಕೆ’ ಎಂದು ಕೇಳುವುದೇ ವೈವಾ.

ಸಿ ಪ್ರೋಗ್ರಾಮಿಂಗ್ ಇದ್ದರೆ ಪ್ರತಿ ಪ್ರೋಗ್ರಾಂ ಮೊದಲು ಕೈಯಲ್ಲಿ ಬರೆದು, ಆಮೇಲೆ ಟೈಪ್ ಮಾಡಲಿ. ಪರೀಕ್ಷೆಯಲ್ಲಿ ಬರೆಯುವುದು ಹಾಳೆಯ ಮೇಲೆ ತಾನೆ. ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬದಲಿಸುವ ಪ್ರೋಗ್ರಾಮಿನಲ್ಲಿ ಸೂತ್ರದ ಮೊದಲಿಗೇ 5/9 ಎಂದು ಬರೆದರೆ ಯಾವ ಉಷ್ಣಾಂಶ ಕೊಟ್ಟರೂ ಉತ್ತರ ಸೊನ್ನೆ, ಏಕೆಂದರೆ ಎರಡು ಪೂರ್ಣಾಂಕಗಳ ಭಾಗಾಕಾರದಲ್ಲಿ ದಶಮಾಂಶ ಭಾಗ ಬಿದ್ದುಹೋಗುತ್ತದೆ. 5.0/9 ಎಂದರೆ ಸರಿ. ಸ್ಕ್ಯಾನ್‌ಎಫ್‌ನಲ್ಲಿ ವೇರಿಯಬಲ್ ಹೆಸರಿಗೆ ಮೊದಲು ಬರುವ ಆಂಪರ್ಸಂಡ್ (&) ಚಿಹ್ನೆ ಬಿಟ್ಟುಹೋದರೆ ಕಂಪೈಲರ್ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗಬಹುದು, ಓಡಿಸಿದಾಗ ಪ್ರೋಗ್ರಾಂ ಅರ್ಧಕ್ಕೇ ನಿಲ್ಲಬಹುದು. ವಾರ್ನಿಂಗ್ ಸಾಲುಗಳನ್ನು ಓದುವ ಅಭ್ಯಾಸ ಮೊದಲ ದಿನದಿಂದಲೇ ಆಗಲಿ. ಲ್ಯಾಪ್‌ಟಾಪ್ ಈಗಲೇ ಕೊಡಿಸಬೇಕಾಗಿಲ್ಲ. ಮೊದಲ ಸೆಮಿಸ್ಟರಿನ ಕೆಲಸ ಕಾಲೇಜಿನ ಲ್ಯಾಬಿನಲ್ಲೇ ಆಗುತ್ತದೆ. ಬ್ರಾಂಚಿಗೆ ಎಂಥದು ಬೇಕು ಎಂದು ತಿಳಿದ ಮೇಲೆ ಕೊಡಿಸಿದರೆ ದುಡ್ಡು ಹಾಳಾಗುವುದಿಲ್ಲ.

ಈಗ ನಿನ್ನ ದೊಡ್ಡ ಚಿಂತೆಗೆ ಬರುತ್ತೇನೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ತೊಡಕಾಗುತ್ತದೆಯೇ ಎಂಬುದು. ಪಿಯುಸಿ ಎರಡು ವರ್ಷದಲ್ಲಿ ತಾಂತ್ರಿಕ ಪದಗಳು ಅವಳಿಗೆ ಬಂದಿವೆ. ಕೈಕೊಡುವುದು ಪ್ರಶ್ನೆಯ ಕ್ರಿಯಾಪದ. ‘ಸ್ಟೇಟ್’ ಎಂದರೆ ನಿಯಮವನ್ನು ಒಂದೆರಡು ವಾಕ್ಯದಲ್ಲಿ ಹೇಳು, ಅಷ್ಟೇ. ‘ಡಿರೈವ್’ ಎಂದರೆ ಒಂದೂ ಹೆಜ್ಜೆ ಬಿಡದೆ ಸೂತ್ರಕ್ಕೆ ತಲುಪು. ‘ಡಿಸ್ಟಿಂಗ್ವಿಶ್’ ಎಂದರೆ ಎರಡು ಕಂಬಸಾಲು ಮಾಡಿ ವ್ಯತ್ಯಾಸ ಎದುರುಬದುರು ಬರೆ. ‘ಎಕ್ಸ್‌ಪ್ಲೇನ್’ ಎಂದಾಗ ಚಿತ್ರ, ಅದರ ಭಾಗಗಳ ಹೆಸರು, ಕೆಲಸ ಮಾಡುವ ಬಗೆ ಮೂರೂ ಬೇಕು. ಗೊತ್ತಿದ್ದೂ ಅಂಕ ಹೋಗುವುದು ಇಲ್ಲೇ. ಇಂಥ ಹತ್ತು ಹದಿನೈದು ಪದಗಳನ್ನು ಕನ್ನಡದಲ್ಲಿ ಅರ್ಥ ಬರೆದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಳ್ಳಲಿ. ಪಾಠ ಅರ್ಥವಾಗದಿದ್ದಾಗ ಕನ್ನಡದಲ್ಲಿ ಓದಲು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಇ-ಕುಂಭ ಪೋರ್ಟಲ್‌ನಲ್ಲಿ ಮೊದಲ ವರ್ಷದ ಪಠ್ಯಪುಸ್ತಕಗಳು ಕನ್ನಡದಲ್ಲೇ ಇವೆ, ಪುಕ್ಕಟೆ. ಮೊದಲು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಂಡು, ಅದೇ ದಿನ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಬೇಕು. ಬರೆಯುವುದನ್ನು ಬಿಟ್ಟರೆ ಓದಿದ್ದು ಪರೀಕ್ಷೆಯಲ್ಲಿ ಕೈಗೆ ಬರುವುದಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಲು ನಾಚಿಕೆಯಾದರೆ ಪಾಠ ಮುಗಿದ ಮೇಲೆ ಸ್ಟಾಫ್‌ರೂಮಿಗೆ ಹೋಗಿ ಕನ್ನಡದಲ್ಲೇ ಕೇಳಲಿ, ಬಹುತೇಕ ಮೇಷ್ಟ್ರುಗಳು ಕನ್ನಡದಲ್ಲೇ ಸಂತೋಷವಾಗಿ ಹೇಳಿಕೊಡುತ್ತಾರೆ.

ಗಣಿತಕ್ಕೆ ದಿನಕ್ಕೆ ಮುಕ್ಕಾಲು ಗಂಟೆ ಎತ್ತಿಡಲಿ, ಭಾನುವಾರ ಐದು ಗಂಟೆ ಕೂರುವುದರಿಂದ ಅದೇ ಫಲ ಸಿಗುವುದಿಲ್ಲ. ಪ್ರೋಗ್ರಾಂ ಮಾಡಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಂದನ್ನು ಈಗಲೇ ಕೊಡಿಸು. ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಎಂದು ಪ್ರತಿ ಸಲ ನೋಡಿಕೊಳ್ಳಲಿ. ಸಾಂಸ್ಕೃತಿಕ ಕನ್ನಡ ಎಂಬ ವಿಷಯವನ್ನು ಕನ್ನಡದ ಮಕ್ಕಳೇ ಅಸಡ್ಡೆ ಮಾಡುತ್ತಾರೆ, ಅದಕ್ಕೂ ಹಾಜರಾತಿ ಇದೆ, ಅಂಕ ಇದೆ.

ಮುಖ್ಯ ವಿಷಯಗಳ ಕೊನೆಯ ಪರೀಕ್ಷೆ ಮೂರು ಗಂಟೆ, ಐದು ಮಾಡ್ಯೂಲ್. ಪ್ರತಿ ಮಾಡ್ಯೂಲ್‌ನಿಂದ 20 ಅಂಕದ ಎರಡು ಪೂರ್ಣ ಪ್ರಶ್ನೆ, ಒಂದನ್ನು ಆರಿಸಬೇಕು. ಎರಡನೇ ಮಾಡ್ಯೂಲಿನ 3, 4ನೇ ಪ್ರಶ್ನೆಗಳಲ್ಲಿ 3ಎ ಚೆನ್ನಾಗಿ ಗೊತ್ತು, 4ಬಿ ಚೆನ್ನಾಗಿ ಗೊತ್ತು ಎಂದು ಬೆರೆಸಿ ಬರೆದರೆ ಒಂದು ಪ್ರಶ್ನೆಯ ಅಂಕವಷ್ಟೇ ಲೆಕ್ಕಕ್ಕೆ. ಒಂದು ಮಾಡ್ಯೂಲ್ ಪೂರ್ತಿ ಕೈಬಿಟ್ಟರೆ 20 ಅಂಕ ಅಲ್ಲೇ ಹೋಯಿತು. ಮಾಡ್ಯೂಲಿಗೆ 33 ನಿಮಿಷ ಇಟ್ಟುಕೊಂಡರೆ ಕೊನೆಗೆ ಕಾಲು ಗಂಟೆ ತಿರುಗಿ ನೋಡಲು ಉಳಿಯುತ್ತದೆ. ‘ಪಾಸಿಂಗ್ ಪ್ಯಾಕೇಜ್’ ಎಂದು ಆಯ್ದ ಪ್ರಶ್ನೆಗಳ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಕೊನೆಯ ವಾರ ಪುನರಾವರ್ತನೆಗೆ ಪರವಾಗಿಲ್ಲ, ಅದನ್ನೇ ನೆಚ್ಚಿ ಕೂತವರಿಗೆ ಪ್ರಶ್ನೆ ಸ್ವಲ್ಪ ತಿರುಚಿದರೂ ಕೈ ನಿಂತುಬಿಡುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು ಇದಕ್ಕಿಂತ ನೂರು ಪಾಲು ಮೇಲು.

ಹಾಸ್ಟೆಲ್ ಸಾಮಾನು ಬೇಗ ಹೇಳಿಬಿಡುತ್ತೇನೆ: ಹಾಸಿಗೆ, ಹೊದಿಕೆ, ಬಕೆಟ್, ಮಗ್, ಗಟ್ಟಿ ಬೀಗ ಎರಡು, ಎಕ್ಸ್‌ಟೆನ್ಷನ್ ಬೋರ್ಡ್, ನೀರಿನ ಬಾಟಲಿ, ಜ್ವರದ ಮಾತ್ರೆ, ಹತ್ತು ಪಾಸ್‌ಪೋರ್ಟ್ ಅಳತೆಯ ಫೋಟೋ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಆಧಾರ್ ಜೊತೆಗಿರಲಿ. ಯಾರಾದರೂ ರ‍್ಯಾಗಿಂಗ್ ಮಾಡಿದರೆ ಸಹಿಸಿಕೊಂಡು ಕೂರಬಾರದು, 1800-180-5522ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡನ್ನೂ ಅವಳ ಫೋನಿನಲ್ಲಿ ಹೊರಡುವ ಮುಂಚೆ ನೀನೇ ಸೇವ್ ಮಾಡಿಕೊಡು.

ಮೊದಲ ಇಂಟರ್ನಲ್ಸ್ ಮುಗಿದ ವಾರ ಅವಳಿಗೆ ಫೋನ್ ಮಾಡಿದಾಗ ಎಷ್ಟು ಬಂತು ಎಂದು ಕೇಳುವ ಮುಂಚೆ, ಬ್ಲೂ ಬುಕ್ (ಇಂಟರ್ನಲ್ಸ್ ಉತ್ತರ ಪುಸ್ತಕ) ಕೈಗೆ ಕೊಟ್ಟರಾ, ಎಲ್ಲೆಲ್ಲಿ ಅಂಕ ಕಳೆದಿದ್ದಾರೆ ನೋಡಿದೆಯಾ ಎಂದು ಕೇಳು. ಕೂಡಿಸುವುದರಲ್ಲಿ ತಪ್ಪಾಗಿದ್ದರೆ ಆಗಲೇ ತೋರಿಸಿದರೆ ತಿದ್ದುತ್ತಾರೆ. ಎರಡನೇ ಇಂಟರ್ನಲ್ಸ್‌ಗೆ ಏನು ಓದಬೇಕು ಎಂಬುದೂ ಆ ಪುಸ್ತಕದಲ್ಲೇ ಇರುತ್ತದೆ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಗಳಿಗೆ ನನ್ನ ಆಶೀರ್ವಾದ.

ಇಂತಿ ನಿನ್ನ ಗೆಳೆಯ