ಗುಡ್ಡದ ಬುಡದ ಮನೆಗೆ ಬೆಂಕಿ ವಿಮೆ: ಅಗ್ಗವಿರುವಾಗಲೇ ಮಾಡಿಸಿ

ಮಾನ್ಯ ಸಂಪಾದಕರೇ,

ಹೋಳಿ ಹತ್ತಿರ ಬಂತೆಂದರೆ ಪುಣೆಯ ಟೇಕಡಿಗಳಿಗೆ, ಅಂದರೆ ಊರೊಳಗಿನ ಗುಡ್ಡಗಳಿಗೆ, ಬೆಂಕಿ ಬಿದ್ದ ಸುದ್ದಿ ಪೇಪರಿನ ಒಂದು ಮೂಲೆಯಲ್ಲಿ ಬರುವುದು ಮಾಮೂಲಿ. ವೇತಾಳ ಟೇಕಡಿ, ತಳಜಾಯಿ, ಬಾಣೇರ್-ಪಾಷಾಣ್ ಗುಡ್ಡ, ಕಾತ್ರಜ್ ಕಡೆ, ಹೀಗೆ ಎಲ್ಲೋ ಒಂದು ಕಡೆ ಒಣಹುಲ್ಲು ಹೊತ್ತಿಕೊಳ್ಳುತ್ತದೆ. ಎಷ್ಟು ಗಿಡ ಸುಟ್ಟವು, ಅಗ್ನಿಶಾಮಕ ದಳದವರು ಎಷ್ಟು ಹೊತ್ತಿಗೆ ಬಂದರು ಎಂಬುದೆಲ್ಲ ಬರುತ್ತದೆ. ಗುಡ್ಡದ ಬುಡದ ತನಕ ಕಟ್ಟಿಕೊಂಡಿರುವ ಮನೆಗಳು ಸುಟ್ಟರೆ ದುಡ್ಡು ಯಾರು ಕೊಡುತ್ತಾರೆ ಎಂಬುದು ಮಾತ್ರ ಬರುವುದಿಲ್ಲ.

ನಮ್ಮ ಹೌಸಿಂಗ್ ಸೊಸೈಟಿ ಇರುವುದು ಬಾವಧನ್ ಕಡೆ, ಗುಡ್ಡಕ್ಕೆ ಬೆನ್ನು ಹಾಕಿಕೊಂಡು. ಕಳೆದ ಬೇಸಿಗೆಯಲ್ಲಿ ಕಾಂಪೌಂಡಿನ ಆಚೆ ಹುಲ್ಲಿಗೆ ಬೆಂಕಿ ಬಿತ್ತು. ವಾಚ್‌ಮನ್ ಜೊತೆ ನಾಲ್ಕಾರು ಹುಡುಗರು ಹಸಿ ಗ್ಲಿರಿಸಿಡಿಯಾ ಕೊಂಬೆ ಮುರಿದು ಬಡಿದು ಆರಿಸಿದರು. ಉರಿ ಗೋಡೆ ದಾಟಲಿಲ್ಲ, ಕಿಡಿ ದಾಟಿತು. ಮೂರನೇ ಮಹಡಿಯ ಬಾಲ್ಕನಿಯೊಂದರಲ್ಲಿ ಪಾರಿವಾಳ ಬರದಿರಲೆಂದು ಕಟ್ಟಿದ್ದ ನೈಲಾನ್ ಬಲೆ ಕರಗಿ ತೂತಾಯಿತು. ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟು ಸುರುಟಿಕೊಂಡು ಹೊಗೆಯಾಡತೊಡಗಿತು. ಆ ಮನೆಯವರು ಧಾರವಾಡಕ್ಕೆ ಹೋಗಿದ್ದರು. ಪಕ್ಕದ ಬಾಲ್ಕನಿಯವರು ಕಂಡು ಬಕೆಟ್ ನೀರು ಎರಚಿದ್ದರಿಂದ ಅಷ್ಟಕ್ಕೇ ಮುಗಿಯಿತು. ಗುಡ್ಡದ ಬೆಂಕಿಯಿಂದ ಮನೆ ಹೊತ್ತಿಕೊಳ್ಳುವುದು ಹೆಚ್ಚಾಗಿ ಹೀಗೇ. ಉರಿ ನಡೆದುಕೊಂಡು ಬಂದು ಬಾಗಿಲು ತಟ್ಟುವುದಿಲ್ಲ. ಗಾಳಿಯಲ್ಲಿ ಹಾರಿ ಬಂದ ಕೆಂಡ ಬಾಲ್ಕನಿಯ ಹಳೇ ಪೇಪರು, ಒಣಗಿದ ಎಲೆ, ಪರದೆ ಹುಡುಕಿಕೊಳ್ಳುತ್ತದೆ.

ಮಾರನೇ ದಿನ ಸೊಸೈಟಿ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು: "ಇನ್ಶೂರೆನ್ಸ್ ಇದೆಯಲ್ಲ!" ಇದೆ, ಸರಿ. ಯಾವುದಕ್ಕಿದೆ?

ಹೌಸಿಂಗ್ ಸೊಸೈಟಿಗಳಿಗೆಂದು ಮಹಾರಾಷ್ಟ್ರ ಮಾಡಿರುವ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಸೊಸೈಟಿ ತನ್ನ ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಮಾಡಿಸಲೇಬೇಕು. ಅದರ ಪಾಲು ನಮ್ಮ ಬಿಲ್ಲಿನಲ್ಲೇ ಬರುತ್ತದೆ. ಆದರೆ ಅದು ಕಟ್ಟಡಕ್ಕೆ. ಒಳಗಿರುವ ಫ್ರಿಜ್ಜು, ಮಂಚ, ಬಟ್ಟೆಬರೆ ನಮ್ಮ ಪಾಡಿಗೆ. ಇನ್ನು ಕೆಲವರು ಸಾಲ ಕೊಟ್ಟ ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆ ಎಂದು ನೆಮ್ಮದಿಯಾಗಿದ್ದಾರೆ. ನನ್ನ ಫೈಲ್ ತೆಗೆದು ನೋಡಿದರೆ ಸಾಲದ ಜೊತೆ ಕಟ್ಟಿಸಿಕೊಂಡ ಪಾಲಿಸಿ ಇದ್ದದ್ದು ಮನೆಯ ಮೇಲಲ್ಲ, ನನ್ನ ಜೀವದ ಮೇಲೆ. ನಾನು ಸತ್ತರೆ ಸಾಲ ತೀರುತ್ತದೆ, ಮನೆ ಸುಟ್ಟರೆ ಕಂತು ಮುಂದುವರಿಯುತ್ತದೆ. ಹೇಳಿ ಮಾಡಬೇಕಾದ ಕೆಲಸ ಇದು, ಅಲ್ವಾ? ಸಹಿ ಹಾಕಿಸಿಕೊಳ್ಳುವಾಗ ಯಾರೂ ಬಾಯಿ ಬಿಟ್ಟಿರಲಿಲ್ಲ.

ಸೊಸೈಟಿ ಪಾಲಿಸಿಯಲ್ಲಿ ಇನ್ನೊಂದು ತೊಡಕಿರಬಹುದು. ಹಳೇ ಮಾದರಿಯ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಪೊದೆಗೆ ಬಿದ್ದ ಬೆಂಕಿಯಿಂದ ನಷ್ಟವಾದರೆ ಪರಿಹಾರ ಇತ್ತು, ಕಾಡಿಗೆ ಬಿದ್ದ ಬೆಂಕಿಯಿಂದಾದರೆ ಇರಲಿಲ್ಲ. ಅದು ಬೇಕಿದ್ದರೆ ಬೇರೆ ದುಡ್ಡು ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ಈಗ ಹೇಳಿ, ನಮ್ಮ ಟೇಕಡಿ ಕಾಡೋ, ಪೊದೆಯೋ? ಒಂದಿಷ್ಟು ಅರಣ್ಯ ಇಲಾಖೆಯದು, ಒಂದಿಷ್ಟು ಖಾಸಗಿಯವರದು. ಬೆಂಕಿ ಸರ್ವೇ ನಂಬರ್ ನೋಡಿಕೊಂಡು ಹಬ್ಬುವುದಿಲ್ಲ.

ಈ ಗೊಂದಲಕ್ಕೆ 2021ರ ಏಪ್ರಿಲ್ 1ರಿಂದ ಒಂದು ಒಳ್ಳೆಯ ದಾರಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ಅಂದಿನಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ತಂದಿದೆ. ಬೆಂಕಿ ವಿಮೆ ಮಾರುವ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಇದನ್ನು ಇಡಲೇಬೇಕು ಎಂದು ಆಗ ನಿಯಮ ಮಾಡಿತು. ಇದರಲ್ಲಿ ಪೊದೆ ಬೆಂಕಿ, ಕಾಡಿನ ಬೆಂಕಿ ಎರಡೂ ಸೇರಿವೆ. ಕಟ್ಟಡಕ್ಕೆ ಮಾಡಿಸಿದರೆ ವಿಮೆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ತನಕ, ಮನೆ ಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಮನೆ ರಿಪೇರಿ ಆಗುವ ತನಕ ಬೇರೆ ಕಡೆ ಇರಬೇಕಾದರೆ ಬಾಡಿಗೆಯೂ ಉಂಟು. ಮತ್ತೆ ಕಟ್ಟುವ ಖರ್ಚಿಗಿಂತ ವಿಮೆ ಮೊತ್ತ ಸ್ವಲ್ಪ ಕಮ್ಮಿ ಬಿದ್ದಿದ್ದರೂ ಅದೇ ಲೆಕ್ಕದಲ್ಲಿ ಕ್ಲೇಮನ್ನು ಕತ್ತರಿಸುವಂತಿಲ್ಲ.

ಬಹಳ ಜನ ಹಿಂಜರಿಯುವುದು ಫ್ಲ್ಯಾಟಿನ ಬೆಲೆ ನೋಡಿ. "ಒಂದು ಕೋಟಿಗೆ ವಿಮೆ ಅಂದರೆ ಪ್ರೀಮಿಯಂ ಎಷ್ಟಾಗಬಹುದು ಮಾರಾಯ್ರೇ" ಎನ್ನುತ್ತಾರೆ. ಒಂದು ಕೋಟಿಗೆ ಬೇಡವೇ ಬೇಡ. ಬೆಲೆಯಲ್ಲಿ ದೊಡ್ಡ ಪಾಲು ಜಾಗದ್ದು, ಅದು ಸುಡುವುದಿಲ್ಲ. ವಿಮೆ ಬೇಕಾದ್ದು ಮತ್ತೆ ಕಟ್ಟುವ ಖರ್ಚಿಗೆ. 700 ಚದರಡಿ ಕಾರ್ಪೆಟ್ ಏರಿಯಾ, ಚದರಡಿಗೆ 2,500 ರೂಪಾಯಿ ಎಂದಿಟ್ಟುಕೊಳ್ಳಿ. 17.5 ಲಕ್ಷ ಆಯಿತು. ಮನೆ ಸಾಮಾನಿಗೆ ಅದರ ಮೇಲೆ 3.5 ಲಕ್ಷ. ಒಡವೆ, ಬೆಳ್ಳಿ ಸಾಮಾನು ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಸೇರಿಸಬೇಕು. ಕಪಾಟಿನ ನಗದಿಗೆ ವಿಮೆ ಇಲ್ಲ. ಕೆಳಗೆ ನಿಲ್ಲಿಸಿದ ಸ್ಕೂಟರಿಗೂ ಇದು ನಡೆಯುವುದಿಲ್ಲ. ಹಳೇ ಗಾಡಿ ಎಂದು ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ನಷ್ಟದ) ವಿಮೆ ಕಟ್ಟಿದವರು ಅದನ್ನೂ ಯೋಚಿಸಬೇಕು.

ಅಗ್ಗವಿರುವಾಗಲೇ ಎಂದು ಯಾಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ನೋಡಿ. ಅಲ್ಲಿ ಮಕ್ಕಳು, ಮೊಮ್ಮಕ್ಕಳಿರುವವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ, ಕೇಳಿದರೆ ಹೇಳುತ್ತಾರೆ. ಆ ರಾಜ್ಯದ ಅತಿ ದೊಡ್ಡ ಮನೆ ವಿಮೆ ಕಂಪನಿ ಸ್ಟೇಟ್ ಫಾರ್ಮ್ 2023ರ ಮೇ ತಿಂಗಳಲ್ಲಿ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿತು. 2024ರಲ್ಲಿ ಸುಮಾರು 72,000 ಹಳೇ ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಭಾಗದ ಪ್ಯಾಲಿಸೇಡ್ಸ್, ಆಲ್ಟಡೀನಾ ಕಡೆ ಬೆಂಕಿ ಬಿದ್ದಾಗ 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಬೇರೆಲ್ಲೂ ವಿಮೆ ಸಿಗದವರಿಗೆಂದು ಅಲ್ಲಿ ಫೇರ್ ಪ್ಲಾನ್ ಎಂಬ ಕೊನೇ ಆಸರೆ ಇದೆ. ಆ ಬೆಂಕಿಯ ಕ್ಲೇಮ್ ತೀರಿಸಲು ಅದರ ಹಣ ಸಾಲದೆ, ಅಲ್ಲಿನ ವಿಮಾ ಕಂಪನಿಗಳಿಂದ 100 ಕೋಟಿ ಡಾಲರ್ ಎತ್ತಬೇಕಾಯಿತು. ಅದರಲ್ಲಿ ಅರ್ಧವನ್ನು ಕಂಪನಿಗಳು ತಮ್ಮ ಪಾಲಿಸಿದಾರರಿಂದ ವಸೂಲಿ ಮಾಡಬಹುದು. ಎಂದೂ ಬೆಂಕಿ ಕಾಣದ ಊರಿನವರೂ ತೆರಬೇಕು.

ನಮ್ಮಲ್ಲಿ ಅಷ್ಟು ದೊಡ್ಡ ಬೆಂಕಿ ಇಲ್ಲ, ನಿಜ. ನಮ್ಮ ಕಾಂಕ್ರೀಟು ಅವರ ಮರದ ಮನೆಯಂತೆ ಹೊತ್ತಿಕೊಳ್ಳುವುದೂ ಇಲ್ಲ. ಆದರೂ 2018ರ ಡಿಸೆಂಬರ್‌ನಲ್ಲಿ ಮುಂಬಯಿಯ ಗೋರೆಗಾಂವ್‌ನಲ್ಲಿ, ಆರೆ ಕಾಡಿಗೆ ಅಂಟಿದ ಗುಡ್ಡ ಹೊತ್ತಿ ಉರಿದಾಗ ಅದರ ಪಕ್ಕದಲ್ಲೇ ವಸತಿ ಕಟ್ಟಡಗಳಿದ್ದವು. 2023ರ ಮಾರ್ಚ್‌ನಲ್ಲಿ ಗೋವಾದ ಮ್ಹಾದೆಯಿ ಅಭಯಾರಣ್ಯದ ಬೆಂಕಿ ಆರಿಸಲು ಹೆಲಿಕಾಪ್ಟರಿನಲ್ಲಿ ನೀರು ತಂದು ಸುರಿಯಬೇಕಾಯಿತು. ಇವತ್ತು ನಮ್ಮ ಏಜೆಂಟರು ಮನೆ ಹಿಂದೆ ಏನಿದೆ ಎಂದು ಕೇಳುವುದೂ ಇಲ್ಲ. ಕೇಳುವ ಕಾಲ ಬಂದಾಗ ದರ ಏರುತ್ತದೆ.

ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ಒಂದು ನಿಯಮವನ್ನು ನಾವು ಈಗಲೇ ಎತ್ತಿಕೊಳ್ಳಬಹುದು. ಮನೆ ಸುತ್ತ 5 ಅಡಿ ಹೊತ್ತಿಕೊಳ್ಳುವ ವಸ್ತು ಇಡದವರಿಗೆ, ಒಣಕಸ ತೆಗೆದವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡಬೇಕು ಎಂದು ಅಲ್ಲಿ ಕಂಪನಿಗಳಿಗೆ ಕಡ್ಡಾಯ ಮಾಡಿದ್ದಾರೆ. ಜನವರಿಯಲ್ಲೇ ಕಾಂಪೌಂಡಿನಾಚೆ ಹುಲ್ಲು ಕೊಯ್ಸಿ, ಅರಣ್ಯ ಇಲಾಖೆಗೆ ಬೆನ್ನು ಬಿದ್ದು ಬೆಂಕಿ ರೇಖೆ (ಉರಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಹಾಕಿಸಿಕೊಂಡ ಸೊಸೈಟಿಗೆ ಇಲ್ಲೂ ರಿಯಾಯಿತಿ ಕೊಡಲಿ. ಆಗ ಸೆಕ್ರೆಟರಿಗಳು ತಾವಾಗಿಯೇ ಕುಡುಗೋಲು ಹುಡುಕುತ್ತಾರೆ. ಮನೆ ವಿಮೆ ಮೇಲಿನ ಶೇ 18 ಜಿಎಸ್‌ಟಿಯನ್ನೂ ತೆಗೆಯಲಿ. ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್‌ನಲ್ಲಿ ತೆಗೆದಿದ್ದಾರೆ, ಮನೆ ಮಾಡಿದ ತಪ್ಪೇನು?

ಸೊಸೈಟಿಗಳ ಮಹಾಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ಪಾಲಿಸಿಯ ಜೆರಾಕ್ಸನ್ನು ಪ್ರತಿ ಮನೆಗೂ ಹಂಚಿ ಎಂದು ನಾನು ನಮ್ಮ ಕಮಿಟಿಗೆ ಬರೆದು ಕೊಟ್ಟಿದ್ದೇನೆ. ಬೇರೆಯವರೂ ಕೇಳಲಿ.

ಕೊನೆಯದಾಗಿ ನಮ್ಮವರದೇ ವಿಷಯ. ಈ ಗುಡ್ಡಗಳ ಬುಡದಲ್ಲಿ ಕಟ್ಟಡ ಕಟ್ಟುವವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಬಹಳ. ಅವರಿರುವುದು ತಗಡಿನ ಶೆಡ್ಡಿನಲ್ಲಿ, ಮೇಲೆ ತಾಡಪಾಲು, ಹಿಂದೆಯೇ ಹುಲ್ಲು. ಟ್ರಂಕಿನಲ್ಲಿ ಆಧಾರ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು, ಊರಿಗೆ ಒಯ್ಯಲು ಕೂಡಿಟ್ಟ ದುಡ್ಡು. ಬಾಡಿಗೆಗಿರುವವರೂ ಬರೀ ಸಾಮಾನಿಗೆ ವಿಮೆ ಮಾಡಿಸಬಹುದು, ಆದರೆ ಆ ಶೆಡ್ಡಿಗೆ ಯಾವ ಏಜೆಂಟ್ ಹೋಗುತ್ತಾನೆ? ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಬ್ಯಾಂಕ್ ಖಾತೆಯಿಂದಲೇ ಕಟ್ ಆಗುವ ವ್ಯವಸ್ಥೆ ಕೇಂದ್ರ ಸರ್ಕಾರದ ಸುರಕ್ಷಾ ಬಿಮಾ ಯೋಜನೆಯಲ್ಲಿದೆ. ಅದೇ ಖಾತೆಯಿಂದ ಇನ್ನಷ್ಟು ರೂಪಾಯಿ ಹಿಡಿದು ಮನೆ ಸಾಮಾನಿಗೂ 50 ಸಾವಿರದ ಬೆಂಕಿ ವಿಮೆ ಕೊಡಲಿ. ಅದು ಬರುವ ತನಕ ಶೆಡ್ಡುಗಳ ವಿಮೆ ಬಿಲ್ಡರ್ ತಲೆ ಮೇಲಿರಲಿ, ವಿಮೆಯ ಕಾಗದ ತೋರಿಸದೆ ಪಾಲಿಕೆ ಕೆಲಸ ಶುರು ಮಾಡಲು ಬಿಡಬಾರದು.

ಇಂತಿ,
ಬಾವಧನ್‌ನ ಒಬ್ಬ ಓದುಗ
ಪುಣೆ