ಎಂಟರಲ್ಲಿ ಎರಡು

ಮಾನ್ಯರೇ,

1952ರ ಮೊದಲ ಮಹಾಚುನಾವಣೆಯಲ್ಲಿ ಕೊಡಗು ಪ್ರತ್ಯೇಕ ರಾಜ್ಯ. 24 ಸದಸ್ಯರ ವಿಧಾನಸಭೆ, ಲೋಕಸಭೆಗೆ ತನ್ನದೇ ಸಂಸದ. ಇಂದು ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದ 8 ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಎರಡೇ: ಮಡಿಕೇರಿ, ವಿರಾಜಪೇಟೆ. ಈ ಲೆಕ್ಕ ಪಕ್ಷಗಳಿಗೆ ಚೆನ್ನಾಗಿ ಗೊತ್ತು. ಗೋಣಿಕೊಪ್ಪಲಿನಲ್ಲಿ ಜೀಪು ನಿಲ್ಲಿಸಿ, ಪೇಟ ಸುತ್ತಿಸಿಕೊಂಡು, ಕೊಡವರ ಪೀಚೆಕತ್ತಿ ಹಿಡಿದು ಫೋಟೊಗೆ ನಿಂತರೆ ಪ್ರಚಾರ ಮುಗಿಯಿತು. ಕಾಡಾನೆ ಹಾವಳಿ, ಮಳೆಗಾಲದ ಭೂಕುಸಿತ ಭಾಷಣದಲ್ಲಿ ನುಸುಳಿದರೆ ಪುಣ್ಯ. ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ, ಆದಿವಾಸಿಗಳ ಹಾಡಿಗಳಿಗೆ ಬರುವುದು ಕೈ ಮುಗಿಯಲಷ್ಟೇ. (ನಾವೂ ಹಾರ ಹಾಕಿಯೇ ಕಳುಹಿಸುತ್ತೇವೆ, ಬಿಡಿ.) ಮುಂದಿನ ಸಲವಾದರೂ ಪಕ್ಷಗಳು ಕೊಡಗಿಗೆಂದೇ ಪ್ರಣಾಳಿಕೆ ಮುದ್ರಿಸಲಿ, ಅಭ್ಯರ್ಥಿಗಳು ಮಡಿಕೇರಿಯಲ್ಲಿ ಒಂದೇ ವೇದಿಕೆಗೆ ಬಂದು ಮತದಾರರ ಪ್ರಶ್ನೆಗಳಿಗೆ ಉತ್ತರಿಸಲಿ.

– ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು