ಠರಾವು ಓದಿದ ಮೇಲೆ ಸಹಿ

ಚಿ. ನಾಗವೇಣಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅರಣ್ಯ ಹಕ್ಕು ಕಾಯ್ದೆಯಡಿ ಕಾಡಿನ ಜಮೀನಿನ ಅರ್ಜಿ ನೋಡುವ ನಮ್ಮೂರ ಅರಣ್ಯ ಹಕ್ಕು ಸಮಿತಿಗೆ ನಿನ್ನನ್ನು ಕಾರ್ಯದರ್ಶಿ ಮಾಡಿದರಂತೆ. ನಿನ್ನ ಅಪ್ಪ ಫೋನ್ ಮಾಡಿ ಹೇಳಿದ, ಖುಷಿಯಾಯಿತು. ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಲೇಬೇಕು ಅಂತ ನಿಯಮ. ಲೆಕ್ಕ ತುಂಬಿಸಲಿಕ್ಕೆ ನಿನ್ನ ಹೆಸರು ಹಾಕಿರಲೂಬಹುದು. ಇರಲಿ ಬಿಡು, ಠರಾವು ಬುಕ್ ಈಗ ನಿನ್ನ ಕೈಯಲ್ಲಿದೆಯಲ್ಲ.

ಮೊದಲು ಹಿರಿಯರ ಹೇಳಿಕೆ ಬರೆದುಕೊ. ಮಳೆಗಾಲ ಮುಗಿಯಲಿ ಅಂತ ಕಾಯಬೇಡ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಮೀನಿನ ಹಕ್ಕಿಗೆ ಅವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ನಾವು ಹಾಲಕ್ಕಿಗಳು ಎಷ್ಟು ಕೇಳಿದರೂ ಆ ಪಟ್ಟಿಯ ಹೊರಗೇ ಉಳಿದಿದ್ದೇವೆ. ಜೋಯಿಡಾದ ಕುಣಬಿಗಳದ್ದೂ ಅದೇ ಪಾಡು. ಗಡಿ ದಾಟಿದರೆ ಗೋವಾದಲ್ಲಿ ಕುಣಬಿಗಳು 2003ರಿಂದಲೇ ಪಟ್ಟಿಯಲ್ಲಿದ್ದಾರೆ! ಹಾಗಾಗಿ ನಾವು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದು ತೋರಿಸಬೇಕು. ಆ 2005ರಿಂದ ಹಿಂದಕ್ಕೆ ಎಣಿಸಿದರೆ 1930. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ, ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. ಅಕ್ಷರವೇ ಕಾಣದ ನಮ್ಮ ಕೊಪ್ಪದ, ಅಂದರೆ ನಮ್ಮ ಕೇರಿಯ, ಜನರ ಹತ್ತಿರ ಆಗಿನ ಕಾಗದ ಎಲ್ಲಿಂದ ಬರಬೇಕು?

ಅದಕ್ಕೇ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದನ್ನು ಸರಿಯಾಗಿ ಓದು. ಅರ್ಜಿ ಹಾಕದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹಳೆಯ ಬಾವಿ, ಸುಡುಗಾಡು, ದೇವರ ಬನ ಇವೂ ಸಾಕ್ಷಿ. ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಬೇಕು, ಅಷ್ಟೇ. ಇನ್ನೊಂದು ಮಾತು. ಮೂರು ತಲೆಮಾರು ಕೇಳುವುದು ಕಾಡಿನ ವಾಸಕ್ಕೆ. ಅದೇ ಗದ್ದೆಯನ್ನು 75 ವರ್ಷ ಉತ್ತಿರಬೇಕು ಅಂತಲ್ಲ. ಇದನ್ನು ತಿರುಚಿ ಹೇಳಿ ಅರ್ಜಿ ವಾಪಸ್ ಕಳಿಸುವವರಿದ್ದಾರೆ. ಇಂಥದ್ದೇ ದಾಖಲೆ ಬೇಕು ಅಂತ ಹಟ ಹಿಡಿಯುವ ಹಾಗಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ಆದರೂ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳು, 60 ದಿನದೊಳಗೆ ಮೇಲ್ಮನವಿ ಹಾಕಿಸು. ಬಾಯಿಮಾತಿನ ‘ಆಗಲ್ಲ’ ಕೇಳಿ ಮನೆಗೆ ಬರಬೇಡ. 2019ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕಾರವಾದವರನ್ನು ಒಕ್ಕಲೆಬ್ಬಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿ, ಅದೇ ತಿಂಗಳು ತಡೆಹಿಡಿಯಿತು. ತಮ್ಮ ಅರ್ಜಿ ಯಾಕೆ ಹೋಯಿತು ಅಂತಲೇ ಗೊತ್ತಿಲ್ಲದವರು ಆಗ ಎಷ್ಟು ಹೆದರಿದ್ದರು!

ಹಕ್ಕುಪತ್ರಕ್ಕೆ ಹೆಸರು ಬರೆಯುವಾಗ ಗಂಡ-ಹೆಂಡತಿ ಇಬ್ಬರದ್ದೂ ಬರೆಸು. ಕಾಯ್ದೆಯೇ ಹಾಗೆ ಹೇಳುತ್ತದೆ. ಗಂಡಸರು ಸುಮ್ನೆ ಗೊಣಗುತ್ತಾರೆ, ಗೊಣಗಲಿ.

ಎಲ್ಲರೂ ತಮ್ಮ ತಮ್ಮ ಹತ್ತು ಗುಂಟೆಯ ಹಿಂದೆ ಓಡುತ್ತಾರೆ. ತಪ್ಪಲ್ಲ. ಆದರೆ ಊರಿಗೆಲ್ಲ ಸೇರಿದ ಸಮುದಾಯ ಹಕ್ಕಿನ ಅರ್ಜಿಯನ್ನು ಯಾರೂ ನೆನಪಿಸುವುದಿಲ್ಲ. ಮುರುಗಲು, ಉಪ್ಪಾಗೆಯಂಥ ಕಾಡುಹಣ್ಣು, ಜೇನು, ತರಗೆಲೆ ಎಲ್ಲ ಅದರಲ್ಲೇ ಬರುವುದು. ಕಾಡನ್ನು ಕಾಯುವ, ನೋಡಿಕೊಳ್ಳುವ ಅಧಿಕಾರವೂ ಅದರಲ್ಲೇ. ನನ್ನನ್ನು ಕೇಳಿದರೆ ಹತ್ತು ಗುಂಟೆಗಿಂತ ದೊಡ್ಡದು ಅದೇ.

ನಮ್ಮ ಹಾಲಕ್ಕಿಯವರೇ ಆದ ಹೊನ್ನಳ್ಳಿಯ ತುಳಸಿ ಗೌಡ ಎಷ್ಟೋ ವರ್ಷ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡಿದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು ಅನ್ನುವುದು ಅವರಿಗೆ ಬಾಯಿಪಾಠ. ಕೊನೆಗೆ ಪದ್ಮಶ್ರೀ ಬಂತು, ಬರಿಗಾಲಿನ ಫೋಟೋ ದೇಶವೆಲ್ಲ ಓಡಾಡಿತು. 2024ರ ಡಿಸೆಂಬರಿನಲ್ಲಿ ಅವರು ಹೋದರು. ಮುಂದಿನ ಫೆಬ್ರವರಿಯಲ್ಲಿ ನಮ್ಮ ಹಾಡುಗಾರ್ತಿ ಸುಕ್ರಜ್ಜಿಯೂ (ಸುಕ್ರಿ ಬೊಮ್ಮಗೌಡ) ಹೋದರು. ನಮ್ಮವರನ್ನು ಸನ್ಮಾನಕ್ಕೆ ಕರೆಯುತ್ತಾರೆ, ಯೋಜನೆ ಮಾಡುವ ಮೀಟಿಂಗಿಗೆ ಕರೆಯುವುದಿಲ್ಲ. ಸುಸ್ಥಿರ ಅಭಿವೃದ್ಧಿ ಅಂತ ಬ್ಯಾನರ್ ಕಟ್ಟಿ ಊರಿಗೆ ಬರುವವರನ್ನು ಇದನ್ನೇ ಕೇಳು: ಯಾವ ಗಿಡ ನೆಡಬೇಕು, ಎಲ್ಲಿ ರಸ್ತೆ ಬೇಡ ಅಂತ ತೀರ್ಮಾನ ಮಾಡುವಾಗ ನಮ್ಮವರು ಯಾರಿದ್ದರು?

ಇನ್ನು ಸಹಿಯ ವಿಷಯ. ಇದರಲ್ಲಿ ಮಾತ್ರ ಯಾರ ಮುಲಾಜೂ ಬೇಡ. ನಮ್ಮ ಕಡೆ ಹಾಜರಿ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು, ಮೇಲಿನ ಖಾಲಿ ಜಾಗದಲ್ಲಿ ಠರಾವು ಬರೆದಿದ್ದನ್ನು ನಾನೇ ನೋಡಿದ್ದೇನೆ. ನೀನು ಮೊದಲು ಠರಾವು ಬರೆ, ಗಟ್ಟಿಯಾಗಿ ಓದು, ಕೆಳಗೆ ಗೆರೆ ಎಳೆ, ಆಮೇಲೆ ಸಹಿ. ಗ್ರಾಮಸಭೆಗೆ ಅರ್ಧದಷ್ಟಾದರೂ ಜನ ಬರಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಇಲ್ಲದಿದ್ದರೆ ಸಭೆ ಮುಂದೂಡು. ಒಡಿಶಾದ ನಿಯಮಗಿರಿ ಗೊತ್ತಲ್ವಾ? ಅಲ್ಲಿ ಬಾಕ್ಸೈಟ್ ಗಣಿಯ ವಿಷಯವನ್ನು ಗ್ರಾಮಸಭೆಗಳೇ ನೋಡಲಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಸಭೆ ನಡೆದವು, 12ರಲ್ಲೂ ಬೇಡ ಅಂದರು. ವಿಶ್ವಸಂಸ್ಥೆ 2007ರಲ್ಲಿ ಮೂಲನಿವಾಸಿಗಳ ಹಕ್ಕಿನ ಘೋಷಣೆ ಹೊರಡಿಸಿದಾಗ ಭಾರತವೂ ಪರವಾಗಿಯೇ ಮತ ಹಾಕಿತ್ತು. ಮೊದಲೇ ವಿಷಯ ತಿಳಿಸಿ, ಒತ್ತಾಯ ಮಾಡದೆ ಒಪ್ಪಿಗೆ ಕೇಳಬೇಕು ಅಂತ ಅದರಲ್ಲಿದೆ. ನ್ಯೂಯಾರ್ಕಿನ ಆ ಮಾತು ನಮ್ಮೂರ ಶಾಲೆ ಜಗಲಿಗೆ ಬರಬೇಕಾದರೆ ನಿನ್ನ ಠರಾವು ಬುಕ್ಕಿನಲ್ಲೇ ಬರಬೇಕು. ಹಾಗಂತ ಬಂದದ್ದಕ್ಕೆಲ್ಲ ಬೇಡ ಅನ್ನು ಅಂತ ನಾನು ಹೇಳುತ್ತಿಲ್ಲ. ಶಾಲೆ, ಕುಡಿಯುವ ನೀರು, ಅಂಗನವಾಡಿ ಬಂದರೆ ಕೂಡಲೇ ಒಪ್ಪಿಗೆ ಬರೆದು ಕೊಡಿ.

ಬರುವ ಭಾನುವಾರ ನಾನೇ ಬರುತ್ತೇನೆ. ಮೇಲಿನಮನೆ ಅಜ್ಜಿಯ ಹೇಳಿಕೆ ಮೊದಲು ತೆಗೆದುಕೊಳ್ಳೋಣ. ಬೆಳಗ್ಗೆಯೇ ಹೋಗಬೇಕು, ಮಧ್ಯಾಹ್ನದ ಮೇಲೆ ಅವರಿಗೆ ಕಿವಿ ಕೇಳುವುದು ಕಮ್ಮಿ. ಸ್ಟಾಂಪ್ ಪ್ಯಾಡ್ ಇಟ್ಟುಕೊಂಡಿರು.

ಇಂತಿ ನಿನ್ನ
ದೊಡ್ಡಪ್ಪ